ಇಡ್ಲಿಗೆ ಎರಡು ಕೋಡು

"ಇದೇನೇ ಇದು?" ಅಂದಳು ಅಮ್ಮ.

ಓವನ್‌ನಿಂದ ಆಗಷ್ಟೇ ಇಳಿಸಿದ ಟ್ರೇ. ಅದರ ತುಂಬ ಸಾಲಾಗಿ ಮಲಗಿದ್ದ ಹದಿನಾಲ್ಕು ಬೆರಳುಗಳು. ಬೆಣ್ಣೆ ಬಿಸ್ಕತ್ತಿನವು. ಗೆಣ್ಣಿರಬೇಕಾದ ಕಡೆ ಚಾಕುವಿನಲ್ಲಿ ಎಳೆದ ಮೂರು ಮೂರು ಗೆರೆ, ತುದಿಗೆ ಉಗುರಾಗಿ ಸಿಪ್ಪೆ ಸುಲಿದ ಬಾದಾಮಿ, ಉಗುರಿನ ಸಂದಿಯಲ್ಲಿ ಒಂದಿಷ್ಟು ರಾಸ್‌ಬೆರಿ ಜಾಮ್. ನನಗಂತೂ ಹೆಮ್ಮೆಯೋ ಹೆಮ್ಮೆ. ಏಕೆಂದರೆ ಇದು ಮೂರನೇ ಪ್ರಯತ್ನ. ಮೊದಲನೇ ಸಲ ನನ್ನ ಬೆರಳಿನ ಅಳತೆಗೇ ಹೊಸೆದಿದ್ದೆ. ಶಾಖಕ್ಕೆ ಊದಿಕೊಂಡು ಎಲ್ಲವೂ ಕಾಲಿನ ಹೆಬ್ಬೆರಳಾದವು. ಎರಡನೇ ಸಲ ಹಿಟ್ಟನ್ನು ಫ್ರಿಜ್‌ನಲ್ಲಿಡುವುದು ಮರೆತೆ. ಬೆಣ್ಣೆ ಕರಗಿ ಚಪ್ಪಟೆಯಾಗಿ ಹರಡಿಕೊಂಡವು. ಈ ಬಿಸ್ಕತ್ತಿನ ಗುಟ್ಟು ಇಷ್ಟೇ: ಪೆನ್ಸಿಲ್‌ಗಿಂತ ಒಂಚೂರು ದಪ್ಪಗೆ ಹೊಸೆಯಬೇಕು, ಗೆಣ್ಣಿನ ಎರಡೂ ಪಕ್ಕ ಚಿವುಟಿ ಸಣ್ಣದಾಗಿಸಬೇಕು, ಆಕಾರ ಕೊಟ್ಟ ಮೇಲೆ ಅರ್ಧ ಗಂಟೆ ತಣ್ಣಗೆ ಇಡಬೇಕು, ಓವನ್ 325 ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು. ಹೊಂಬಣ್ಣ ಬಂದರೆ ಬಿಸ್ಕತ್ತಾಗುತ್ತದೆ. ಬಣ್ಣ ಬರುವ ಮುಂಚೆ ತೆಗೆದರೆ ಬಿಳಿಚಿಕೊಂಡ ಬೆರಳು.

"ಮಾಟಗಾತಿ ಬೆರಳು ಅಮ್ಮಾ, ಹ್ಯಾಲೋವೀನ್‌ಗೆ" ಅಂದೆ.

ಅಮ್ಮ ಟ್ರೇಯನ್ನು ಇನ್ನೊಮ್ಮೆ ನೋಡಿದಳು. ಮುಟ್ಟಲಿಲ್ಲ. "ಗುರುವಾರ ಚತುರ್ದಶಿ ಕಣೇ. ಬೆಳಿಗ್ಗೆ ಎಣ್ಣೆನೀರು ಹಾಕ್ಕೊಂಡು ಸಾಯಂಕಾಲ ಇದನ್ನ ತಿನ್ನಿಸ್ತೀಯಾ ಮಕ್ಕಳಿಗೆ?"

ಅದು 2024. ಆ ವರ್ಷ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ, ಅಕ್ಟೋಬರ್ 31ಕ್ಕೆ ಬಂದಿದ್ದವು. ಹ್ಯಾಲೋವೀನ್ ಕ್ಯಾಲೆಂಡರ್ ಬಿಟ್ಟು ಅಲ್ಲಾಡುವುದಿಲ್ಲ. ನಮ್ಮ ಹಬ್ಬ ಚಂದ್ರನ ಹಿಂದೆ ಓಡಾಡಿಕೊಂಡಿರುತ್ತದೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಬೀದಿಯಲ್ಲಿ ಹನ್ನೆರಡು ಮನೆ. ಐದು ನಮ್ಮ ಕಡೆಯವರವು. ಆ ವಾರ ಒಂದು ಮನೆಯ ಮುಂದೆ ಆಕಾಶಬುಟ್ಟಿ, ಪಕ್ಕದ ಮನೆಯ ಮುಂದೆ ಹುಲ್ಲಿನಿಂದ ಅರ್ಧ ಮೇಲೆದ್ದ ಪ್ಲಾಸ್ಟಿಕ್ ಅಸ್ಥಿಪಂಜರ. ತಿಪಟೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಸಂಜೆ ವಾಕಿಂಗ್‌ನಲ್ಲಿ ಅಸ್ಥಿಪಂಜರದ ಮನೆ ಬಂದಾಗಲೆಲ್ಲ ಸೆರಗು ಸರಿಮಾಡಿಕೊಂಡು ರಸ್ತೆಯ ಆ ಪಕ್ಕಕ್ಕೆ ಹೋಗುತ್ತಿದ್ದಳು.

ತಪ್ಪು ನನ್ನದೂ ಇತ್ತು. ಹಬ್ಬದ ಮೂಲ ಹೇಳಹೊರಟವಳು ನಾನು. ಐರ್ಲೆಂಡ್ ಕಡೆಯ ಕೆಲ್ಟಿಕ್ ಜನರ ಹಳೆಯ ಹಬ್ಬವೊಂದಿತ್ತು, ಸುಗ್ಗಿ ಮುಗಿದು ಚಳಿ ಕಾಲಿಡುವ ಹೊತ್ತಿನದು, ಆ ರಾತ್ರಿ ಸತ್ತವರು ಓಡಾಡುತ್ತಾರೆ ಎಂದು ನಂಬಿದ್ದರು, ಮುಂದೆ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನ ಮಾಡಿಕೊಂಡರು, ಅದರ ಹಿಂದಿನ ಸಂಜೆಯೇ ಈ ಹ್ಯಾಲೋವೀನ್ ಎಂದೆಲ್ಲ ಹೇಳಿದೆ. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. "ಆ ಹಳೇ ಹಬ್ಬದ ಹೆಸರೇನು ಗೊತ್ತಾ ಅಮ್ಮಾ? ಸಾವಿನ್" ಅಂದೆ. ಐರಿಷ್ ಭಾಷೆಯಲ್ಲಿ ಅದಕ್ಕೆ ಬೇಸಿಗೆಯ ಕೊನೆ ಎಂದು ಅರ್ಥ ಹೇಳುತ್ತಾರೆ. ಅಮ್ಮನ ಕಿವಿಗೆ ಬಿದ್ದದ್ದು ಶುದ್ಧ ಕನ್ನಡ. "ನೋಡು, ಅವರೇ ಹೇಳ್ಕೊಂಡಿದ್ದಾರೆ" ಅಂದುಬಿಟ್ಟಳು.

ಬೆರಳಿನ ಬಗ್ಗೆ ಅಮ್ಮನ ತಕರಾರು ಅಸಹ್ಯದ್ದಲ್ಲ, ಮಾತಿನದು. ತಡವಾಗಿ ಅರ್ಥವಾಯಿತು. "ಆಕಾರ ಹಾಗಿರಲಿ. ನಾಳೆ ಮಗು 'ಅಜ್ಜಿ, ನಾನು ಬೆರಳು ತಿಂದೆ' ಅನ್ನುತ್ತೆ. ಹಬ್ಬದ ದಿನ, ಮುಸ್ಸಂಜೆ ಹೊತ್ತು. ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಅಸ್ತು ಅಂದ್ರೆ?"

ಅಸ್ತು ದೇವತೆಗಳೊಂದಿಗೆ ವಾದ ಮಾಡುವುದು ಹೇಗೆ? ಚಿಕ್ಕವಳಿದ್ದಾಗ "ಅಯ್ಯೋ ಸತ್ತೆ" ಅಂದರೆ ಸಾಕು, ಅಮ್ಮ ಬಾಯಿಯ ಮೇಲೆ ಪಟ್ಟನೆ ಹೊಡೆಯುತ್ತಿದ್ದಳು. ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, "ತುಂಬಿದೆ" ಅನ್ನಬೇಕು. ದೀಪ ಆರಿಸುವುದಿಲ್ಲ, "ದೊಡ್ಡದು ಮಾಡು" ಅನ್ನಬೇಕು. ಇಂಥ ಮನೆಯಲ್ಲಿ ಬೆಳೆದವಳು ನಾನು, ಬೆರಳಿನ ಬಿಸ್ಕತ್ತು ಮಾಡಿಟ್ಟುಕೊಂಡು ನಿಂತಿದ್ದೆ.

ಒಂದು ಪಟ್ಟು ಹಾಕಿ ನೋಡಿದೆ. "ಬೆಂಡೆಕಾಯಿಗೆ ಇಂಗ್ಲಿಷಿನಲ್ಲಿ ಲೇಡೀಸ್ ಫಿಂಗರ್ ಅಂತಾರಲ್ಲ, ಅದರ ಪಲ್ಯ ವಾರಕ್ಕೆರಡು ಸಲ ತಿನ್ನಲ್ವಾ?"

"ಅವರು ಏನಾದ್ರೂ ಅಂದ್ಕೊಳ್ಳಲಿ. ನಾನು ತಿನ್ನೋದು ಬೆಂಡೆಕಾಯಿ."

ಬೆರಳು ರದ್ದಾಯಿತು. ಹದಿನಾಲ್ಕನ್ನೂ ನಾನೂ ನನ್ನ ಗಂಡನೂ ರಾತ್ರಿ ಕಾಫಿಗೆ ಅದ್ದಿಕೊಂಡು ತಿಂದು ಮುಗಿಸಿದೆವು. ರುಚಿಯಾಗಿದ್ದವು. ಹೇಗಿದ್ದರೂ ಪಾರ್ಟಿಗೆ ಬಾದಾಮಿ ಆಗುತ್ತಿರಲಿಲ್ಲ. ಬರಬೇಕಿದ್ದ ಎಂಟು ಮಕ್ಕಳಲ್ಲಿ ಒಬ್ಬ ಹುಡುಗನಿಗೆ ನಟ್ ಅಲರ್ಜಿ. ಇಲ್ಲಿ ಇದು ತಮಾಷೆಯಲ್ಲ. ಹ್ಯಾಲೋವೀನ್ ಸಮಯದಲ್ಲಿ ಕೆಲವು ಮನೆಗಳ ಮುಂದೆ ಕಿತ್ತಳೆಯ ಬದಲು ಹಸಿರು ಬೆರೆತ ನೀಲಿ ಬಣ್ಣದ ಕುಂಬಳಕಾಯಿ ಕಾಣುತ್ತದೆ. ಈ ಮನೆಯಲ್ಲಿ ತಿನಿಸಿನ ಬದಲು ಪೆನ್ಸಿಲೋ ಸ್ಟಿಕ್ಕರೋ ಸಿಗುತ್ತದೆ, ಅಲರ್ಜಿಯ ಮಕ್ಕಳೂ ಧೈರ್ಯವಾಗಿ ಬರಬಹುದು ಎನ್ನುವ ಗುರುತು ಅದು. ಫೇರ್ ಎಂಬ ಸಂಸ್ಥೆ 2014ರಲ್ಲಿ ದೇಶದುದ್ದಕ್ಕೂ ಹಬ್ಬಿಸಿದ ಪದ್ಧತಿ. ಈ ದೇಶದ ಬಗ್ಗೆ ನನಗೆ ನೂರು ದೂರುಗಳಿದ್ದರೂ ಆ ನೀಲಿ ಕುಂಬಳಕಾಯಿ ಕಂಡಾಗ ಬೈಯಲು ಮನಸ್ಸು ಬರುವುದಿಲ್ಲ.

ಬೆರಳಿನ ಜಾಗಕ್ಕೆ ಏನು? ಈ ಪ್ರಶ್ನೆಗೆ ಉತ್ತರ ಕೊಟ್ಟವಳೂ ಅಮ್ಮನೇ, ಅದೂ ಬೇರೇನೋ ಹೇಳಲು ಹೋಗಿ. ಬುಧವಾರ ಬೆಳಿಗ್ಗೆ ಹಬ್ಬಕ್ಕೆಂದು ಕೋಡುಬಳೆ ಹಿಟ್ಟು ಕಲಸುತ್ತಾ ಕೂತಿದ್ದಳು. ಮಗಳು ಪಕ್ಕದಲ್ಲಿ ಹಿಟ್ಟಿನ ಹುರಿ ಹೊಸೆದು ಬಳೆ ಮಾಡದೆ ಹಾಗೇ ಬಿಟ್ಟಿದ್ದಳು. "ಅದನ್ನ ಸುತ್ತಿ ಸೇರಿಸು ಪುಟ್ಟಿ. ಹಾಗೇ ಬಿಟ್ರೆ ಬಳೆ ಆಗಲ್ಲ, ಬರೀ ಕೋಡು ಆಗುತ್ತೆ."

ಕೋಡು! ಕೋಡುಬಳೆ ಎಂದು ಅಷ್ಟು ವರ್ಷ ಕಟಕಟ ಕಡಿದರೂ ಆ ಹೆಸರಿನಲ್ಲಿ ಕೊಂಬೊಂದು ಕೂತಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಮಗಳು ತಕ್ಷಣ ಎರಡು ಹುರಿ ಹಣೆಗೆ ಹಿಡಿದುಕೊಂಡು ಗುರ್ ಅಂದಳು. ಅಮ್ಮ ನಕ್ಕಳು. ನಾನು ಆ ನಗುವನ್ನು ಅಲ್ಲೇ ಹಿಡಿದುಕೊಂಡೆ. "ನಾಳೆ ನರಕಾಸುರ ಸತ್ತ ದಿನ ತಾನೆ? ಅವನ ಕೋಡು ತಿಂದರೆ ಅಸ್ತು ದೇವತೆಗಳಿಗೆ ಏನಾದರೂ ಅಡ್ಡಿಯಾ?"

ಅಮ್ಮ ಸ್ವಲ್ಪ ಹೊತ್ತು ಹಿಟ್ಟು ನಾದಿದಳು. "ರಾಕ್ಷಸಂದು ಪರವಾಗಿಲ್ಲ."

ಕೋಡುಬಳೆ ಹಿಟ್ಟಿನ ಹದ ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಅರ್ಧ ಲೋಟ ಹುರಿಗಡಲೆ ಪುಡಿ. ಬ್ಯಾಡಗಿ ಮೆಣಸಿನಕಾಯಿಯನ್ನು ಇಂಗು, ಉಪ್ಪಿನ ಜೊತೆ ನುಣ್ಣಗೆ ರುಬ್ಬಿದ್ದು. ನಾಲ್ಕು ಚಮಚ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ ಹಿಟ್ಟಿನ ಮೇಲೆ ಚೊರ್ ಅನ್ನಿಸಬೇಕು. ಎಲ್ಲವನ್ನೂ ಒಟ್ಟಿಗೆ ನೀರು ಹಾಕಿ ಕಲಸಿಟ್ಟರೆ ಕೆಟ್ಟಿತು. ಒಂದೊಂದು ಹಿಡಿಯಷ್ಟಕ್ಕೆ ಮಾತ್ರ ನೀರು ಚಿಮುಕಿಸಿ ಆಗಿಂದಾಗ ನಾದಿಕೊಳ್ಳಬೇಕು. ಇದರಲ್ಲಿ ನಮ್ಮ ಮನೆಯಲ್ಲಿ ಒಂದು ಹಿಡಿ ಕೊಬ್ಬರಿ ತುರಿ ಇರಲೇಬೇಕು. ಕೊಬ್ಬರಿ ಮಾರುಕಟ್ಟೆಯ ಊರಿನವಳು ಅಮ್ಮ. ಕೊಬ್ಬರಿಯಿಲ್ಲದ ಕೋಡುಬಳೆ ಅವಳ ಲೆಕ್ಕದಲ್ಲಿ ಮಡಿಯಿಲ್ಲದ ಪೂಜೆ. ಆದರೆ ಆಗ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಲರ್ಜಿ ಪಟ್ಟಿಯಲ್ಲಿ ತೆಂಗೂ ಬಾದಾಮಿ, ಗೋಡಂಬಿಗಳ ಸಾಲಿನಲ್ಲೇ ಇತ್ತು. 2025ರ ಜನವರಿಯಲ್ಲಷ್ಟೇ ಅದನ್ನು ತೆಗೆದರು. ಆ ಹುಡುಗನ ತಾಯಿಗೆ ಫೋನ್ ಮಾಡಿ ಕೇಳಿದೆ. ಬೇಡ ಅಂದರು. "ತೆಂಗಿನಕಾಯಿ ನಟ್ ಅಂತೆ ಅಮ್ಮಾ" ಅಂದಾಗ ಅಮ್ಮ ನೋಡಿದ ನೋಟದ ಮುಂದೆ ಎದುರುಮನೆಯ ಅಸ್ಥಿಪಂಜರ ಏನೇನೂ ಅಲ್ಲ. ಆದರೂ ಕೊಬ್ಬರಿ ಡಬ್ಬಿಯನ್ನು ತಾನೇ ಎತ್ತಿ ಮೇಲಿನ ಶೆಲ್ಫಿಗೆ ಇಟ್ಟಳು. "ಮಗುಗೆ ಆಗಲ್ಲ ಅಂದ್ಮೇಲೆ ಮುಗೀತು."

ಕೋಡು ಕರಿಯುವುದು ಬಳೆ ಕರಿದಷ್ಟು ಸುಲಭವಲ್ಲ. ಬುಡ ದಪ್ಪ, ತುದಿ ಚೂಪು. ತುದಿ ಕಂದುವ ಹೊತ್ತಿಗೆ ಬುಡ ಒಳಗೆ ಹಸಿ. ಉರಿ ಜೋರು ಮಾಡಿದರೆ ದಪ್ಪ ಬುಡ ಎಣ್ಣೆಯಲ್ಲಿ ಸಿಡಿಯುವ ಭಯ. ಕೋಡುಬಳೆ ಸಿಡಿದ ಎಣ್ಣೆ ಎಂಥದ್ದೆಂದು ನನ್ನ ಎಡ ಮುಂಗೈಯ ಕಲೆ ಹೇಳುತ್ತದೆ. ಬುಡವನ್ನು ಕಿರುಬೆರಳಿಗಿಂತ ಸಣ್ಣಗೆ ಮಾಡಿ, ಉರಿ ತೀರಾ ತಗ್ಗಿಸಿ, ಬಾಣಲೆಗೆ ನಾಲ್ಕೇ ನಾಲ್ಕು ಹಾಕಿ, ಎಣ್ಣೆಯ ನೊರೆ ನಿಲ್ಲುವವರೆಗೆ ಕಾದೆವು. ತುದಿಗಳು ಹೇಗೂ ಕಪ್ಪಾದವು. ಜಾಲರಿ ಸೌಟಿನಲ್ಲಿ ಎತ್ತಿದಾಗ ಗೊತ್ತಾಯಿತು, ಅದೇ ಚೆಂದ. ಬುಡದಲ್ಲಿ ಕೆಂಪು, ತುದಿಗೆ ಹೋಗುತ್ತ ಸುಟ್ಟ ಕಪ್ಪು. ಬಣ್ಣ ಬಳಿದರೂ ಹಾಗೆ ಬರುತ್ತಿರಲಿಲ್ಲ.

ಬರೀ ಕೋಡನ್ನು ತಟ್ಟೆಯಲ್ಲಿಟ್ಟರೆ ಅದು ಮೆಣಸಿನಕಾಯಿಯಂತೆ ಕಾಣುತ್ತಿತ್ತು. ಕೋಡಿಗೆ ತಲೆ ಬೇಕು. ಬಿಳಿ, ದುಂಡು, ಮೆತ್ತಗಿನ ತಲೆ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಮಿನಿ ಇಡ್ಲಿ ಬೇಡ, ಅದರಲ್ಲಿ ಮುಖ ಹಿಡಿಸುವುದಿಲ್ಲ. ಮಾಮೂಲಿ ಇಡ್ಲಿ, ಪೂರ್ತಿ ಆರಿದ್ದು. ಬಿಸಿ ಇಡ್ಲಿಗೆ ಚುಚ್ಚಿದರೆ ಹಬೆಗೆ ಕೋಡು ಮೆತ್ತಗಾಗುತ್ತದೆ. ಕಣ್ಣಿಗೆ ಎರಡು ಕರಿಎಳ್ಳು, ಅಷ್ಟೇ. ಮೊದಲು ಕರಿಮೆಣಸಿಟ್ಟಿದ್ದೆ, ನೋಡಲು ಭಯಂಕರವಾಗಿತ್ತು, ಆದರೆ ಐದು ವರ್ಷದ ಮಗು ಅಗಿದರೆ ಆಮೇಲಿನ ಭಯಂಕರ ನಮ್ಮ ಪಾಲಿಗೆ. ಬಾಯಿಗೆ ಚಾಕುವಿನಲ್ಲಿ ಒಂದು ಸೀಳು, ಸೀಳಿನಲ್ಲಿ ಕೆಂಪು ಚಟ್ನಿ. ಎರಡು ಕೋಡು ಸಿಕ್ಕಿಸಿದ ಮೇಲೆ ಇಡ್ಲಿಗೆ ಬಂದ ಗತ್ತು ನೋಡಬೇಕಿತ್ತು. ಇಷ್ಟು ದಿನ ತಟ್ಟೆಯಲ್ಲಿ ಸಾಂಬಾರಿಗೆ ಕಾದು ಬಿದ್ದಿರುತ್ತಿದ್ದ ಬಡಪಾಯಿ ಈಗ "ನಿನಗೇನು ಕೋಡು ಬಂದಿದೆಯಾ" ಎಂದು ಯಾರಾದರೂ ಕೇಳಿದರೆ ಹೌದು ಎನ್ನುವ ಹಾಗಿತ್ತು.

ಇಂಥ ತಿನಿಸು ಮಾಡಿ ಮಾಡಿ ನನಗೆ ಅನ್ನಿಸಿರುವುದು ಇದು. ಬಣ್ಣ ಹೆಚ್ಚಾದಷ್ಟೂ ಹೆದರಿಕೆ ಕಮ್ಮಿ. ಹಸಿರು ಐಸಿಂಗ್, ನೇರಳೆ ಕಪ್‌ಕೇಕ್, ಪ್ಲಾಸ್ಟಿಕ್ ಬಾವಲಿ, ಇವಕ್ಕೆ ಯಾವ ಮಗುವೂ ಬೆಚ್ಚುವುದಿಲ್ಲ. ತಿನಿಸು ತನ್ನ ಸಹಜ ಬಣ್ಣದಲ್ಲೇ ಇದ್ದು ಒಂದೇ ಒಂದು ಕಡೆ ತಪ್ಪಾಗಿರಬೇಕು. ಕಣ್ಣಿನ ವಿಷಯ ತೆಗೆದುಕೊಳ್ಳಿ. ಇಲ್ಲಿ ಎಲ್ಲರೂ ಡಬ್ಬಿಯ ಲಿಚಿ ಹಣ್ಣಿನ ಕುಳಿಯಲ್ಲಿ ಒಂದು ಬ್ಲೂಬೆರಿ ತುರುಕಿ ಕಣ್ಣುಗುಡ್ಡೆ ಮಾಡುತ್ತಾರೆ. ಚೆನ್ನಾಗಿರುತ್ತದೆ. ಆದರೆ ಲಿಚಿ ಕೊಂಚ ಪಾರದರ್ಶಕ, ಸತ್ತ ಮೀನಿನ ಕಣ್ಣು ಅದು. ನಾನು ಡಬ್ಬಿಯ ರಸಗುಲ್ಲ ತಂದೆ. ಅಂಗೈಯಲ್ಲಿ ಮೆಲ್ಲಗೆ ಒತ್ತಿ ಅರ್ಧ ಪಾಕ ತೆಗೆದು, ಮೇಲೆ ಸಣ್ಣ ಚಮಚದಿಂದ ಗುಳಿ ತೋಡಿ, ಬ್ಲೂಬೆರಿಯನ್ನು ಮೂತಿ ಕೆಳಗಾಗಿ ಕೂರಿಸಿದೆ. ಕಣ್ಣಾಯಿತು, ಆದರೆ ಗೊಂಬೆಯ ಕಣ್ಣು. ಏನೋ ಸಾಲದು. ಹಬ್ಬದ ಪಾಯಸಕ್ಕೆ ಅಮ್ಮ ಹಾಲಿನಲ್ಲಿ ಕೇಸರಿ ನೆನೆಹಾಕಿದ್ದಳು. ಅದರಿಂದ ಎರಡು ಎಳೆ ಎತ್ತಿ ರಸಗುಲ್ಲದ ಮೇಲೆ ಅಡ್ಡಾದಿಡ್ಡಿ ಇಟ್ಟೆ. ಎರಡು ನಿಮಿಷದಲ್ಲಿ ಎಳೆಯ ಬಣ್ಣ ಸುತ್ತಲಿನ ಬಿಳಿಗೆ ಹಬ್ಬಿತು. ನಿದ್ದೆಗೆಟ್ಟ ಕಣ್ಣಿನ ಕೆಂಪು ನರ! ಬಟ್ಟಲಿನ ತುಂಬ ಹದಿನಾರು ಕಣ್ಣು ನನ್ನನ್ನೇ ನೋಡತೊಡಗಿದಾಗ ಮಾಡಿದವಳೇ ಒಂದು ಹೆಜ್ಜೆ ಹಿಂದೆ ಸರಿದೆ.

ಉಳಿದವು ಅಷ್ಟೇನೂ ಹೇಳಿಕೊಳ್ಳುವಂಥವಲ್ಲ. ಪಫ್ ಪೇಸ್ಟ್ರಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬೇಬಿ ಕಾರ್ನ್‌ಗೆ ಸುತ್ತಿ ಮಮ್ಮಿಗಳನ್ನು ಮಾಡಿದೆ. ಅಮ್ಮನಿಗೆ ಅವು ತೊಟ್ಟಿಲ ಕೂಸಿನಂತೆ ಕಂಡವು, ಹಾಗಾಗಿ ಆಕ್ಷೇಪ ಬರಲಿಲ್ಲ. ಸ್ಟ್ರಾಬೆರಿಯನ್ನು ಬಿಳಿ ಚಾಕೊಲೇಟಿನಲ್ಲಿ ಅದ್ದಿದ ದೆವ್ವಗಳು ಹಾಳಾದವು. ಆ ಅಕ್ಟೋಬರ್ ನ್ಯೂಜೆರ್ಸಿಗೆ ವಿಚಿತ್ರವಾಗಿತ್ತು. ತಿಂಗಳಿಡೀ ಮಳೆಯ ಸುಳಿವಿಲ್ಲ, 31ರಂದು ಬೇಸಿಗೆಯ ಹಾಗೆ ಸೆಕೆ. ಹಿತ್ತಿಲಿನ ಮೇಜಿನ ಮೇಲಿಟ್ಟ ಅರ್ಧ ಗಂಟೆಯಲ್ಲಿ ದೆವ್ವಗಳೆಲ್ಲ ಲಂಗ ಕಳಚಿಕೊಂಡು ನಿಂತವು. ಗಂಡನಿಗೆ ಪಾನಕದಲ್ಲಿ ಡ್ರೈ ಐಸ್ ಹಾಕಿ ಹೊಗೆ ಎಬ್ಬಿಸುವ ಆಸೆ. ಅದು ಸೊನ್ನೆಗಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಗಟ್ಟಿ ಇಂಗಾಲದ ಡೈಆಕ್ಸೈಡ್. ಚೂರು ನುಂಗಿದರೆ ಗಂಟಲು ಕರುಳು ಎಲ್ಲ ಸುಟ್ಟಂತಾಗುತ್ತದೆ. ನಾನು ಬಿಡಲಿಲ್ಲ.

ಅಂಗಡಿಯ ಸಾಮಾನು ತರಲು ಹೋದಾಗ ಅಮ್ಮನ ಜೊತೆ ಇನ್ನೊಂದು ಸಂಭಾಷಣೆ ನಡೆಯಿತು. ಸಕ್ಕರೆಯ ತಲೆಬುರುಡೆ ಇದ್ದ ಪ್ಯಾಕೆಟ್ ನೋಡಿ "ಶಿವ ಶಿವಾ" ಎಂದವಳು ಮೊಮ್ಮಗಳಿಗೆ ಮುದ್ದಾದ ಕರಡಿಮರಿಗಳ ಗಮ್ಮಿ ಪ್ಯಾಕೆಟ್ ಎತ್ತಿಕೊಂಡಳು. ತಲೆಬುರುಡೆಯಲ್ಲಿ ಇದ್ದದ್ದು ಬರೀ ಸಕ್ಕರೆ. ಕರಡಿಮರಿಯಲ್ಲಿ ಜೆಲಟಿನ್, ಅಂದರೆ ಹಂದಿ ದನಗಳ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಅದರ ಪಕ್ಕದ ಕೆಂಪು ಮಿಠಾಯಿಯ ಪಟ್ಟಿಯಲ್ಲಿ ಕಾರ್ಮೈನ್ ಎಂದಿತ್ತು. ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಹುಳಗಳನ್ನು ಒಣಗಿಸಿ ತೆಗೆಯುವ ಬಣ್ಣ ಅದು. 2011ರಿಂದ ಅದರ ಹೆಸರನ್ನು ಪ್ಯಾಕೆಟ್ ಮೇಲೆ ಹಾಕಲೇಬೇಕು. ಅಮ್ಮನಿಗೆ ಎರಡನ್ನೂ ವಿವರಿಸಿದೆ. ಅವಳು ಕರಡಿಮರಿಗಳನ್ನು ವಾಪಸ್ಸಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. "ಮುಖ ನೋಡಿ ಮಣೆ ಹಾಕಬಾರದು ನೋಡು."

ಹಾಗಾಗಿ ನಮ್ಮ ಮನೆಯ ಎರೆಹುಳುಗಳು ಕಡಲಪಾಚಿಯಿಂದ ತೆಗೆದ ಚೈನಾ ಗ್ರಾಸ್‌ನವು. ಸ್ಟ್ರಾಗಳನ್ನು ಕಟ್ಟಿ ಲೋಟದಲ್ಲಿ ನಿಲ್ಲಿಸಿ ದಾಳಿಂಬೆ ರಸದ ಜೆಲ್ಲಿ ಸುರಿದು, ಗಟ್ಟಿಯಾದ ಮೇಲೆ ಹಿಸುಕಿ ಹೊರತೆಗೆದದ್ದು. ಜೆಲಟಿನ್‌ನಂತೆ ಎಳೆದರೆ ಹಿಗ್ಗುವುದಿಲ್ಲ, ಪಟಕ್ಕನೆ ತುಂಡಾಗುತ್ತದೆ. ಆದರೆ ಚೈನಾ ಗ್ರಾಸ್ ಒಮ್ಮೆ ಕೂತರೆ ಬಿಸಿಲಿಗೆ ಕರಗುವ ಜಾತಿಯದಲ್ಲ. ಆ ಸೆಕೆಯಲ್ಲಿ ಮೇಜಿನ ಮೇಲೆ ಮಾನ ಉಳಿಸಿದ್ದು ಈ ಹುಳುಗಳೇ.

ಸೋತದ್ದು ರಕ್ತದಲ್ಲಿ. ಕಣ್ಣುಗಳ ಬಟ್ಟಲಿನ ಸುತ್ತ ಒಂದಿಷ್ಟು ರಕ್ತ ಹರಿದಿರಲಿ ಎಂದು ನನ್ನ ಆಸೆ. ಬೀಟ್‌ರೂಟ್ ರಸ ಕುದಿಸಿದೆ, ಕಂದಿಹೋಗಿ ಮಣ್ಣಿನ ವಾಸನೆ ಬಂತು. ಕೆಂಪು ಚಟ್ನಿ ನೋಡಿದ ಯಾರೂ "ರಕ್ತ" ಅನ್ನುವುದಿಲ್ಲ, "ಇನ್ನೊಂಚೂರು ಹಾಕಿ" ಅನ್ನುತ್ತಾರೆ. ಜಾಮ್ ಜಾಮ್‌ನಂತೆಯೇ ಇತ್ತು. ಅರಿಶಿನಕ್ಕೆ ಅಡುಗೆ ಸೋಡಾ ಬೆರೆಸಿದರೆ ಕೆಂಪಾಗುವುದು ನೆನಪಾಗಿ ಅದನ್ನೂ ನೋಡಿದೆ. ಬಣ್ಣವೇನೋ ಬಂತು, ನಾಲಗೆಗೆ ಸೋಪಿನ ನೀರು. ಚೆಲ್ಲಿದೆ. ರಕ್ತ ಇಲ್ಲದೆಯೇ ಪಾರ್ಟಿ ಆಗಲಿ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಐದಕ್ಕೇ ಎಬ್ಬಿಸಿದಳು ಅಮ್ಮ. ನೀರು ತುಂಬುವ ಹಬ್ಬಕ್ಕೆ ಹಂಡೆ ಎಲ್ಲಿಂದ ತರುವುದು? ಹಿಂದಿನ ರಾತ್ರಿಯೇ ಹೋಮ್ ಡಿಪೋದ ಕಿತ್ತಳೆ ಬಕೆಟ್ಟಿಗೆ ಸುಣ್ಣದ ಬದಲು ಚಾಕ್‌ಪೀಸಿನಲ್ಲಿ ಗೆರೆ ಬರೆದು ನೀರು ತುಂಬಿಸಿಟ್ಟಿದ್ದಳು. ಎಣ್ಣೆ ಸ್ನಾನ, ಆರತಿ, ಆಮೇಲೆ ಸ್ಕೂಲು, ಆಫೀಸು.

ಸಂಜೆ ಐದಕ್ಕೆ ಮಕ್ಕಳು ಬಂದರು. ಇಬ್ಬರು ಸ್ಪೈಡರ್‌ಮ್ಯಾನ್, ಒಬ್ಬಳು ಜೇನುಹುಳ, ಒಂದು ಡೈನೋಸಾರ್, ಒಂದು ಫ್ರಿಜ್ (ಕಾರ್ಡ್‌ಬೋರ್ಡ್ ಪೆಟ್ಟಿಗೆಯೊಳಗಿನ ಹುಡುಗ), ಉಳಿದವರು ಯಾರೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಮಗಳು ಮಾಟಗಾತಿ, ಎಣ್ಣೆ ಹಚ್ಚಿ ಎರೆದ ತಲೆಯ ಮೇಲೆ ಚೂಪು ಟೋಪಿ. ಕೋಡಿನ ಇಡ್ಲಿ ಮೊದಲು ಖಾಲಿಯಾಯಿತು. ಮಕ್ಕಳು ಕೋಡನ್ನು ಕಿತ್ತು ಕಟಕಟ ತಿಂದು ತಲೆಯನ್ನು ತಟ್ಟೆಯಲ್ಲಿ ಬಿಟ್ಟರು, ಆ ಬೋಳು ತಲೆಗಳನ್ನು ಅಪ್ಪಂದಿರು ಸಾಂಬಾರಿನಲ್ಲಿ ಮುಳುಗಿಸಿ ಮುಗಿಸಿದರು. ಅಲರ್ಜಿಯ ಹುಡುಗ ನಾಲ್ಕು ಕೋಡು ತಿಂದ. ಅಮ್ಮ ದೂರದಿಂದ ಎಣಿಸುತ್ತಿದ್ದಳು.

ಕಣ್ಣಿನ ಬಟ್ಟಲಿನ ಹತ್ತಿರ ಯಾರೂ ಸುಳಿಯಲಿಲ್ಲ. ಜೇನುಹುಳದ ಹುಡುಗಿ ನೋಡಿ ಅಳತೊಡಗಿದಳು. ಎಂಟು ವರ್ಷದ ಡೈನೋಸಾರ್ ಮಾತ್ರ ಧೈರ್ಯ ಮಾಡಿ ಎರಡು ಬೆರಳಲ್ಲಿ ಒಂದನ್ನು ಎತ್ತಿದ. ಪಾಕದಲ್ಲಿ ನೆಂದ ರಸಗುಲ್ಲ, ಜಾರಿತು. ಮೇಜಿನ ಮೇಲೆ ಒಂದು ಸುತ್ತು ಉರುಳಿ, ಕೆಳಗೆ ಬಿದ್ದು, ಬ್ಲೂಬೆರಿ ಮೇಲಾಗಿ ನಿಂತಿತು. ನನ್ನ ಮಗಳು ಜೋರಾಗಿ ಕೂಗಿದಳು, "ಅಜ್ಜೀ, ಕಣ್ಣು ಬಿತ್ತು!"

ಕನ್ನಡ ಬಲ್ಲ ನಾಲ್ಕು ಜನ ಹೋ ಎಂದು ನಕ್ಕೆವು. ಅಮ್ಮ ನಗಲಿಲ್ಲ.

ಆರರ ಹೊತ್ತಿಗೆ ಕತ್ತಲಾಯಿತು. ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳಿ ಬುಟ್ಟಿ ತುಂಬಿಕೊಂಡು ಬಂದರು. ಎಲ್ಲರೂ ಹೊರಟ ಮೇಲೆ ಅಮ್ಮ ಅಡುಗೆಮನೆಯಲ್ಲಿ ಏನೋ ಹುಡುಕುತ್ತಿದ್ದಳು. "ಸುಣ್ಣ ಇದೆಯೇನೇ ಮನೇಲಿ?"

ಎಲೆ ಅಡಿಕೆ ಹಾಕುವವರಿಲ್ಲದ ಮನೆಯಲ್ಲಿ ಸುಣ್ಣ ಎಲ್ಲಿಂದ? ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಚತುರ್ದಶಿಯ ದಿನ, ಊರೆಲ್ಲ ಸುತ್ತಿ ಬಂದ ಮೊಮ್ಮಗಳು, ಮೇಲೆ ತಾನಾಗೇ ಬಾಯಲ್ಲಿ ಬಂದ ಮಾತು. ನಾನು ಸುಮ್ಮನೆ ಅಡುಗೆ ಸೋಡಾದ ಡಬ್ಬ ತೆಗೆದುಕೊಟ್ಟೆ. ಅಮ್ಮ ಸ್ಟೀಲ್ ತಟ್ಟೆಗೆ ನೀರು ಹಾಕಿ, ಎರಡು ಚಮಚ ಅರಿಶಿನ ಉದುರಿಸಿ, ಮೇಲೆ ಸೋಡಾ ಹಾಕಿ ಬೆರಳಿನಿಂದ ಕದಡಿದಳು. ತಟ್ಟೆಯ ಅಂಚಿನಿಂದ ನಡುವಿನವರೆಗೂ ಗಾಢ ಕೆಂಪು ಹರಡಿತು. ನಾನು ಎರಡು ದಿನ ಒದ್ದಾಡಿಯೂ ಮೇಜಿಗೆ ತರಲಾಗದ ಬಣ್ಣ.

ಟೋಪಿ ತೆಗೆಯದೆ ನಿಂತಿದ್ದ ಮಾಟಗಾತಿಗೆ ಮೂರು ಸುತ್ತು ನಿವಾಳಿಸಿದಳು. ನನಗೂ ಬೇಕು ಎಂದು ನನ್ನ ಗಂಡ ಪಕ್ಕದಲ್ಲಿ ಬಂದು ನಿಂತ. ಅವನಿಗೂ ಆಯಿತು. ಆಮೇಲೆ ತಟ್ಟೆ ಹಿಡಿದುಕೊಂಡು ಡ್ರೈವ್‌ವೇ ಕೊನೆಯವರೆಗೆ ನಡೆದು, ಕೆತ್ತಿದ ಕುಂಬಳಕಾಯಿ ಮತ್ತು ಮಣ್ಣಿನ ದೀಪ ಅಕ್ಕಪಕ್ಕ ಉರಿಯುತ್ತಿದ್ದ ಕಡೆ, ರಸ್ತೆಯ ಅಂಚಿಗೆ ಸುರಿದಳು. ಕೆಂಪು ನೀರು ಕಾಂಕ್ರೀಟಿನ ಮೇಲೆ ನಿಧಾನವಾಗಿ ಕವಲೊಡೆದು ಹರಿಯಿತು.

ಅದೇ ಹೊತ್ತಿಗೆ ಮುಂದಿನ ಬೀದಿಯ ಮೂರು ದೊಡ್ಡ ಹುಡುಗರು ಕೊನೆಯ ಸುತ್ತಿಗೆ ಬಂದರು. ಹನ್ನೆರಡು ಹದಿಮೂರು ವಯಸ್ಸಿರಬೇಕು, ಕೈಯಲ್ಲಿ ಪ್ಲಾಸ್ಟಿಕ್ ಕೊಡಲಿ, ಮುಖಕ್ಕೆ ಬಿಳಿ ಮುಖವಾಡ. ದೀಪದ ಬೆಳಕಿನಲ್ಲಿ ಹರಿಯುತ್ತಿದ್ದುದನ್ನು ನೋಡಿದರು, ಖಾಲಿ ತಟ್ಟೆ ಹಿಡಿದು ಬಿಳಿ ಕೂದಲಿನ ತುರುಬು ಕಟ್ಟಿ ನಿಂತಿದ್ದ ಅಮ್ಮನನ್ನು ನೋಡಿದರು. ಒಬ್ಬ ಮುಖವಾಡ ಮೇಲೆತ್ತಿದ. "ಈಸ್ ದಟ್ ಬ್ಲಡ್?"

ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. "ಅಲ್ಲಪ್ಪಾ, ಅರಿಶಿನ" ಅಂದಳು ಕನ್ನಡದಲ್ಲೇ. "ದಾಟಬೇಡಿ. ಈ ಕಡೆಯಿಂದ ಬನ್ನಿ."

ಹುಡುಗರಿಗೆ ಏನು ತಿಳಿಯಿತೋ, ಮೂವರೂ ಹುಲ್ಲಿನ ಮೇಲೆ ಕಾಲಿಟ್ಟು, ಆ ಕೆಂಪನ್ನು ಸುತ್ತು ಹಾಕಿಕೊಂಡು, ಒಬ್ಬರ ಹಿಂದೊಬ್ಬರಾಗಿ ಬಾಗಿಲಿಗೆ ಬಂದರು. ಮಿಠಾಯಿ ಖಾಲಿಯಾಗಿತ್ತು. ಅಮ್ಮ ಒಳಗೆ ಹೋಗಿ ಒಬ್ಬೊಬ್ಬರ ಕೈಗೆ ಎರಡೆರಡು ಕೋಡು ಕೊಟ್ಟಳು.